ಪ್ರವಾಸಕ್ಕೆ ಯಾವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ?

ಪ್ರಶ್ನೆ: ಹಲವು ವರ್ಷಗಳಿಂದ 35 ಎಂ.ಎಂ. ಫಿಲ್ಮ್ ಕ್ಯಾಮೆರಾ ಬಳಸುತ್ತಿದ್ದೇನೆ. ಈಗ 120 ಫಿಲ್ಮ್‌ನ (35 ಎಂ.ಎಂ.ಗಿಂತ ಅಗಲವಾದ ಫಿಲ್ಮ್ ಬಳಸುವ, ಅಂದರೆ ಮೀಡಿಯಂ ಫಾರ್ಮ್ಯಾಟ್) ಕ್ಯಾಮೆರಾವೊಂದನ್ನು ಕೊಂಡು ಚಾರಣಕ್ಕೂ ದೀರ್ಘ ಪ್ರವಾಸಕ್ಕೂ ಒಯ್ಯಬೇಕೆಂದಿದ್ದೇನೆ. ನಿಸರ್ಗದ ಜೊತೆಗೆ ದಾರಿಯಲ್ಲಿ ಸಿಗುವ ಜನರ ಚಿತ್ರಗಳನ್ನೂ ತೆಗೆಯುವ ಆಸೆ. ಹ್ಯಾಸೆಲ್‌ಬ್ಲಾಡ್ 500ಸಿ/ಎಂ, ಮಾಮಿಯಾ 7 ಇವೆರಡರಲ್ಲಿ ಯಾವುದು ಸೂಕ್ತ?

ಉತ್ತರ: ಎರಡೂ ಶ್ರೇಷ್ಠ ಕ್ಯಾಮೆರಾಗಳೇ. ಆದರೂ ನಿಮ್ಮ ಉದ್ದೇಶಕ್ಕೆ ಎರಡನ್ನೂ ನಾನು ಸೂಚಿಸಲಾರೆ. ಹ್ಯಾಸೆಲ್‌ಬ್ಲಾಡ್ 80 ಎಂ.ಎಂ. ಲೆನ್ಸ್ ಸಮೇತ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ತೂಕಕ್ಕಿಂತ ಹೆಚ್ಚಾಗಿ ಅದರ ಚೌಕಾಕಾರವೇ ಚೀಲದಲ್ಲಿ ತೊಡಕು. 1995ರಲ್ಲಿ ಬಂದ ಮಾಮಿಯಾ 7 ಅದಕ್ಕಿಂತ ಹಗುರ, ಅದರ ಲೆನ್ಸ್‌ಗಳ ಸ್ಪಷ್ಟತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಬ್ಯಾಟರಿ ಸತ್ತರೆ ಶಟರ್ ತೆರೆಯುವುದಿಲ್ಲ, ತಯಾರಿಕೆ ನಿಂತಿರುವುದರಿಂದ ಅದರ ಎಲೆಕ್ಟ್ರಾನಿಕ್ ಭಾಗ ಕೆಟ್ಟರೆ ದುರಸ್ತಿಯೂ ಸುಲಭವಲ್ಲ.

ಮೊದಲು ಫ್ರೇಮ್‌ನ ಅಳತೆಯನ್ನು ನಿರ್ಧರಿಸಿಕೊಳ್ಳಿ. ಕ್ಯಾಮೆರಾದ ಗಾತ್ರವನ್ನೂ ನೀವು ಹೊರಬೇಕಾದ ಫಿಲ್ಮ್‌ನ ಸಂಖ್ಯೆಯನ್ನೂ ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ. ಒಂದು 120 ಸುರುಳಿಯಲ್ಲಿ 6×4.5 ಸೆಂ.ಮೀ. ಅಳತೆಯ 15 ಅಥವಾ 16, 6×6ರ 12, 6×7ರ 10, 6×9ರ ಕೇವಲ 8 ಚಿತ್ರಗಳು ಬರುತ್ತವೆ. ಎಲ್ಲಕ್ಕಿಂತ ಚಿಕ್ಕದಾದ 6×4.5 ಕೂಡ 35 ಎಂ.ಎಂ. ಫ್ರೇಮ್‌ಗಿಂತ ಎರಡೂವರೆ ಪಟ್ಟಿಗಿಂತಲೂ ದೊಡ್ಡದು.

ನನ್ನ ಆಯ್ಕೆ ಟ್ವಿನ್ ಲೆನ್ಸ್ ರಿಫ್ಲೆಕ್ಸ್, ಅಂದರೆ ಒಂದರ ಮೇಲೊಂದು ಎರಡು ಲೆನ್ಸ್ ಇರುವ, 6×6 ಚಿತ್ರ ಕೊಡುವ ಹಳೆಯ ಮಾದರಿ. ರೋಲಿಕಾರ್ಡ್ ಆಗಲಿ ಯಾಶಿಕಾ ಮ್ಯಾಟ್ 124ಜಿ ಆಗಲಿ ಸುಮಾರು ಒಂದು ಕಿಲೋ ತೂಗುತ್ತದೆ, ಶಟರ್ ಓಡಲು ಬ್ಯಾಟರಿ ಬೇಡ. ಹ್ಯಾಸೆಲ್‌ಬ್ಲಾಡ್‌ನಲ್ಲಿರುವಂತೆ ಚಿತ್ರ ತೆಗೆಯುವಾಗ ಮೇಲಕ್ಕೆದ್ದು ಕ್ಯಾಮೆರಾವನ್ನು ಅಲುಗಿಸುವ ಕನ್ನಡಿ ಇಲ್ಲದ ಕಾರಣ ಕುತ್ತಿಗೆಯ ಪಟ್ಟಿಯನ್ನು ಬಿಗಿಯಾಗಿ ಕೆಳಕ್ಕೆಳೆದು ಹಿಡಿದರೆ ಸೆಕೆಂಡಿನ 1/30 ಭಾಗದಲ್ಲಿಯೂ ಚಿತ್ರ ಅಲುಗುವುದು ಕಡಿಮೆ. ಜನರ ಚಿತ್ರಕ್ಕಂತೂ ಇದಕ್ಕೆ ಸಾಟಿಯಿಲ್ಲ: ನೀವು ತಲೆ ಬಾಗಿಸಿ ಎದೆಯ ಮಟ್ಟದಲ್ಲಿರುವ ಗಾಜಿನೊಳಗೆ ನೋಡುವುದರಿಂದ ಎದುರಿನವರಿಗೆ ಕಣ್ಣಿಗೆ ಕಣ್ಣು ಕೊಟ್ಟು ದಿಟ್ಟಿಸಿದ ಮುಜುಗರವಾಗುವುದಿಲ್ಲ. ಆದರೆ ಆ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ. ಎಡಕ್ಕೆ ನಡೆಯುವವರನ್ನು ಹಿಂಬಾಲಿಸಲು ಹೋಗಿ ಮೊದಲ ಒಂದೆರಡು ಸುರುಳಿಗಳನ್ನು ನೀವು ಹಾಳು ಮಾಡಿಕೊಳ್ಳುವುದು ಖಚಿತ. 124ಜಿಯ ಮೀಟರ್ ಈಗ ಮಾರುಕಟ್ಟೆಯಲ್ಲಿಲ್ಲದ ಪಾದರಸದ ಬ್ಯಾಟರಿಗಾಗಿ ರೂಪಿಸಿದ್ದು, ಆದ್ದರಿಂದ ಬೆಳಕನ್ನು ಫೋನಿನ ಆ್ಯಪ್‌ನಿಂದಲೋ ಪ್ರತ್ಯೇಕ ಮೀಟರಿನಿಂದಲೋ ಅಳೆಯುವುದು ಲೇಸು.

ಜೇಬಿಗೇ ಇಳಿಯಬೇಕೆಂದಾದರೆ ತಿದಿಯಂತೆ ಮಡಚಿಕೊಳ್ಳುವ ಫೋಲ್ಡಿಂಗ್ ಕ್ಯಾಮೆರಾಗಳಿವೆ. ಹಳೆಯ ಆಗ್ಫಾ ಐಸೊಲೆಟ್ ಮುಂತಾದವನ್ನು ಕೊಳ್ಳುವ ಮುನ್ನ ಕತ್ತಲೆ ಕೋಣೆಯಲ್ಲಿ ಹಿಂಬದಿ ತೆರೆದು, ಒಳಗೆ ಸಣ್ಣ ಟಾರ್ಚ್ ಹಿಡಿದು, ಬೆಲ್ಲೋಸ್‌ನ, ಅಂದರೆ ಆ ತಿದಿಯಂಥ ಭಾಗದ, ಮಡಿಕೆಗಳ ಮೂಲೆಗಳನ್ನು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅದನ್ನು ಬಿಟ್ಟುಬಿಡಿ. ಯಾವುದೇ ಹಳೆಯ ಕ್ಯಾಮೆರಾದ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಸದ್ದು ಕೇಳಿಸಿಕೊಳ್ಳಿ: ಗಿರ್ರೆನ್ನುತ್ತಾ ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ ಎಂದರ್ಥ, ಶುಚಿಗೊಳಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಮಾನದಲ್ಲಿ ಹೋಗುವುದಾದರೆ ಫಿಲ್ಮ್ ಅನ್ನು ಲಗೇಜಿಗೆ ಹಾಕದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಈಗ ಹಲವು ನಿಲ್ದಾಣಗಳಲ್ಲಿ ಕೈಚೀಲಕ್ಕೂ, ಫಿಲ್ಮ್ ಅನ್ನು ಹಾಳು ಮಾಡಬಲ್ಲ ಪ್ರಬಲ ಎಕ್ಸ್-ರೇಯ ಸಿ.ಟಿ. ಸ್ಕ್ಯಾನರ್ ಬಂದಿರುವುದರಿಂದ ಕೈಯಿಂದಲೇ ತಪಾಸಿಸುವಂತೆ ವಿನಂತಿಸಿ. 35 ಎಂ.ಎಂ. ರೀತಿಯಲ್ಲಿ 120 ಸುರುಳಿಯನ್ನು ಅರ್ಧಕ್ಕೆ ಹಿಂದೆ ಸುತ್ತಿ ಹೊರತೆಗೆಯಲಾಗದು. ಆದ್ದರಿಂದ ಉಳಿದ ಫ್ರೇಮ್‌ಗಳನ್ನು ನಿಲ್ದಾಣಕ್ಕೆ ಹೊರಡುವ ಮೊದಲೇ ಮುಗಿಸಿ, ಸುರುಳಿಯನ್ನು ನೆರಳಿನಲ್ಲಿ ತೆಗೆದು, ಸಡಿಲವಾಗದಂತೆ ಬಿಗಿಯಾಗಿ ಅಂಟಿಸಿಡಿ.