ಮೊಳೆ ಸಿಗದ ಟೈರಿನಲ್ಲಿ ಗಾಳಿ ಇಳಿಯುವುದೇಕೆ?

ಪ್ರಶ್ನೆ: ನನ್ನ ಕಾರಿಗೆ ಆರು ವರ್ಷ ತುಂಬಿದೆ. ಅಲಾಯ್ ಚಕ್ರಗಳು, ಟ್ಯೂಬ್‌ಲೆಸ್ ಟೈರ್‌ಗಳು. ಹಿಂದಿನ ಬಲಗಡೆಯ ಟೈರಿಗೆ 33 ಪಿಎಸ್‌ಐ (ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಎಂದು) ಗಾಳಿ ತುಂಬಿಸಿದರೆ ಒಂದು ವಾರದಲ್ಲಿ 28ಕ್ಕೆ ಇಳಿದಿರುತ್ತದೆ. ಪಂಕ್ಚರ್ ಹಾಕುವವರಲ್ಲಿ ಎರಡು ಸಲ ತೋರಿಸಿದೆ. ಮೊಳೆಯಾಗಲಿ ತೂತಾಗಲಿ ಸಿಗಲಿಲ್ಲ ಎಂದರು. ಟೈರ್ ಇನ್ನೂ ಅಷ್ಟಾಗಿ ಸವೆದಿಲ್ಲ, ಆದರೂ ಅದನ್ನು ಬದಲಿಸಿಬಿಡಿ ಎಂಬ ಸಲಹೆ ಬಂದಿದೆ. ನಿಜವಾದ ಕಾರಣವನ್ನು ಕಂಡುಹಿಡಿಯುವುದು ಹೇಗೆ?

ಉತ್ತರ: ಟೈರ್ ಬದಲಿಸುವ ನಿರ್ಧಾರವನ್ನು ದಯವಿಟ್ಟು ಸದ್ಯಕ್ಕೆ ತಡೆಹಿಡಿಯಿರಿ. ನೀವು ಬರೆದಿರುವ ಸಂಗತಿಗಳಲ್ಲಿ ಟೈರನ್ನೇ ದೂರುವುದಕ್ಕೆ ಆಧಾರವಿಲ್ಲ. ದೋಷವು ರಿಮ್ಮಿನಲ್ಲೋ ವಾಲ್ವಿನಲ್ಲೋ ಇದ್ದರೆ ಹೊಸ ಟೈರ್ ಹಾಕಿಸಿದ ಮೇಲೂ ಗಾಳಿ ಮೊದಲಿನಂತೆಯೇ ಇಳಿಯುತ್ತದೆ.

ಎರಡು ಸಲ ನೋಡಿದರೂ ಸೋರಿಕೆ ಏಕೆ ಸಿಗಲಿಲ್ಲ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಉತ್ತರ ಕೊಡುತ್ತದೆ. ನಿಮ್ಮ ಟೈರಿನೊಳಗೆ ಸುಮಾರು 30 ಲೀಟರ್ ಜಾಗವಿದೆ ಎಂದು ಇಟ್ಟುಕೊಳ್ಳೋಣ. ಅದರ ಒತ್ತಡ 5 ಪಿಎಸ್‌ಐ ಇಳಿಯಬೇಕಾದರೆ, ಹೊರಗಿನ ಒತ್ತಡದಲ್ಲಿ ಅಳೆದಂತೆ ಸುಮಾರು 10 ಲೀಟರ್, ಅಂದರೆ 10,000 ಮಿಲಿಲೀಟರ್ ಗಾಳಿ ಹೊರಗೆ ಹೋಗಿರಬೇಕು. ಒಂದು ವಾರದಲ್ಲಿ 10,080 ನಿಮಿಷಗಳಿವೆ. ಹೀಗಾಗಿ ಸೋರುತ್ತಿರುವುದು ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಮಿಲಿಲೀಟರ್, ಇಪ್ಪತ್ತು ಹನಿ ನೀರು ಹಿಡಿಸುವಷ್ಟು ಜಾಗದ ಗಾಳಿ. ಅದೂ ಒಂದೇ ಕಡೆಯಿಂದ ಹೊರಡದೆ ರಿಮ್ಮಿನ ಅಂಚಿನುದ್ದಕ್ಕೂ ಹರಡಿಕೊಂಡು ಹೋಗುತ್ತಿದ್ದರೆ, ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಒಂದು ಸುತ್ತು ತಿರುಗಿಸಿ ಎತ್ತುವಷ್ಟರಲ್ಲಿ ಕಣ್ಣಿಗೆ ಬೀಳುವ ಸಾಧ್ಯತೆ ಕಡಿಮೆ. ನೋಡಿದವರು ಉದಾಸೀನ ಮಾಡಿದರೆಂದು ತಿಳಿಯಬೇಕಾಗಿಲ್ಲ. ಇಂಥ ಸೋರಿಕೆ ಬೇಡುವುದು ಸಮಯವನ್ನು.

ಹುಡುಕಾಟಕ್ಕೆ ಮೊದಲು ಅಳತೆ ಸರಿಯಾಗಬೇಕು. ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ, ಅದರೊಳಗಿನ ಒತ್ತಡ ಮೂರು ನಾಲ್ಕು ಪಿಎಸ್‌ಐಯಷ್ಟು ಏರಿರುತ್ತದೆ. ಆ ಸ್ಥಿತಿಯಲ್ಲಿ 33ಕ್ಕೆ ಸರಿಮಾಡಿಸಿಕೊಂಡು ಬಂದವರು ಮರುದಿನ ಬೆಳಿಗ್ಗೆ ಅಳೆದರೆ 29 ಅಥವಾ 30 ಕಾಣುತ್ತದೆ. ಗಾಳಿ ಎಲ್ಲಿಯೂ ಸೋರಿರುವುದಿಲ್ಲ. ಹವೆಯ ಉಷ್ಣತೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ನಿಂತ ಕಾರಿನ ಟೈರಿಗೆ 35 ಡಿಗ್ರಿ ಸೆಲ್ಸಿಯಸ್ ಇರುವ ಮಧ್ಯಾಹ್ನದಲ್ಲಿ 33 ಪಿಎಸ್‌ಐ ತುಂಬಿಸಿ, 18 ಡಿಗ್ರಿಯ ಮುಂಜಾವಿನಲ್ಲಿ ಅಳೆದರೆ ಎರಡೂವರೆ ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಕಡಿಮೆ ತೋರಿಸುತ್ತದೆ. ಆದ್ದರಿಂದ ಕಾರು ಕನಿಷ್ಠ ಮೂರು ಗಂಟೆ ನಿಂತಿದ್ದ ಮೇಲೆ, ಸಾಧ್ಯವಾದರೆ ಪ್ರತಿ ಸಲವೂ ಬೆಳಿಗ್ಗೆ, ಒಂದೇ ಅಳತೆಮಾಪಕದಿಂದ ನಾಲ್ಕೂ ಟೈರ್‌ಗಳನ್ನು ಅಳೆದು ದಿನಾಂಕದೊಂದಿಗೆ ಬರೆದಿಡಿ. ಬೇರೆ ಬೇರೆ ಪಂಪುಗಳ ಮಾಪಕಗಳು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ನಿಮ್ಮದೇ ಒಂದು ಮಾಪಕವಿರಲಿ. ಅದು ಒಂದೆರಡು ಅಂಕ ತಪ್ಪು ತೋರಿಸಿದರೂ ಚಿಂತೆಯಿಲ್ಲ, ಏಕೆಂದರೆ ಇಲ್ಲಿ ಬೇಕಾಗಿರುವುದು ನಾಲ್ಕು ಟೈರ್‌ಗಳ ನಡುವಿನ ವ್ಯತ್ಯಾಸ. ಬಿಸಿಲು, ಚಳಿ, ಮಾಪಕದ ತಪ್ಪು ಇವೆಲ್ಲವೂ ನಾಲ್ಕಕ್ಕೂ ಸಮನಾಗಿ ತಟ್ಟುತ್ತವೆ. ಒಂದು ಮಾತ್ರ ಉಳಿದ ಮೂರಕ್ಕಿಂತ ಹಿಂದೆ ಬಿದ್ದರೆ ಅದು ಸೋರಿಕೆಯೇ ಸರಿ. ನಿಮ್ಮ ಪತ್ರದಲ್ಲಿ ಉಳಿದ ಮೂರರ ಅಂಕೆಗಳಿಲ್ಲ. ಎರಡು ವಾರ ಬರೆದಿಟ್ಟು ನೋಡಿ, ಅಷ್ಟರಿಂದಲೇ ಬಹಳಷ್ಟು ತಿಳಿಯುತ್ತದೆ.

ಸೋರಿಕೆ ಖಚಿತವಾದರೆ ಪರೀಕ್ಷೆಯನ್ನು ವಾಲ್ವಿನಿಂದ ಆರಂಭಿಸಿ, ಏಕೆಂದರೆ ಅಲ್ಲಿ ಏನನ್ನೂ ಬಿಚ್ಚಬೇಕಾಗಿಲ್ಲ. ಮುಚ್ಚಳ ತೆಗೆದು, ವಾಲ್ವಿನ ಬಾಯಿ ತುಂಬುವಂತೆ ಒಂದು ಹನಿ ಸೋಪಿನ ನೀರು ಬಿಟ್ಟು ಎರಡು ನಿಮಿಷ ಕಾಯಿರಿ. ಆ ಹನಿ ಗುಳ್ಳೆಯಾಗಿ ಉಬ್ಬಿದರೆ ಒಳಗಿನ ವಾಲ್ವ್ ಪಿನ್ ಸಡಿಲವಾಗಿದೆ ಅಥವಾ ಅದರ ಸಣ್ಣ ರಬ್ಬರ್ ಸವೆದಿದೆ, ಇಲ್ಲವೇ ಧೂಳಿನ ಕಣವೊಂದು ಅಲ್ಲಿ ಸಿಕ್ಕಿಕೊಂಡಿದೆ. ಪಿನ್ ಬದಲಿಸುವುದು ಒಂದು ನಿಮಿಷದ ಕೆಲಸ. ಮುಚ್ಚಳವನ್ನು ಕಳೆದುಕೊಂಡವರು ಅದನ್ನು ಬರಿಯ ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುತ್ತಾರೆ, ಆದರೆ ಧೂಳನ್ನು ತಡೆಯುವುದೇ ಅದರ ಕೆಲಸ. ಅನಂತರ ವಾಲ್ವಿನ ಬುಡವನ್ನು ನೋಡಿ. ರಬ್ಬರಿನ ವಾಲ್ವನ್ನು ಮೆಲ್ಲಗೆ ಪಕ್ಕಕ್ಕೆ ಬಾಗಿಸಿದಾಗ ಬುಡದಲ್ಲಿ ಬಿರುಕುಗಳು ಕಂಡರೆ, ಅಥವಾ ಬಾಗಿಸಿದ ಕೂಡಲೇ ಸೋಪಿನ ನೊರೆ ಹೆಚ್ಚಿದರೆ, ವಾಲ್ವನ್ನೇ ಬದಲಿಸಬೇಕು. ಟೈರ್ ಬದಲಿಸಿದಾಗ ಹಳೆಯ ವಾಲ್ವನ್ನು ಹಾಗೆಯೇ ಉಳಿಸಿಕೊಂಡಿದ್ದರೆ ನಿಮ್ಮದಕ್ಕೂ ಈಗ ಆರು ವರ್ಷ ತುಂಬಿದೆ. ರಬ್ಬರಿಗೆ ಅದು ಸಣ್ಣ ವಯಸ್ಸಲ್ಲ.

ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಮೈಯ, ಪರೀಕ್ಷೆಗೆ ಚಕ್ರವನ್ನು ಬಿಚ್ಚಿ ಒರಗಿಸಿಟ್ಟು, ಪ್ರತಿಯೊಂದು ತೋಡಿನೊಳಗೂ ಬೆಳಕು ಬಿಟ್ಟು ನೋಡಬೇಕು. ತಲೆ ಸವೆದ ಸ್ಕ್ರೂ ಅಥವಾ ತುಂಡು ತಂತಿ ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು ಕುಳಿತಿರುತ್ತದೆ. ಚಕ್ರ ಉರುಳುವಾಗ ಅದು ಅಲುಗಾಡಿದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುತ್ತದೆ. ಅಂಥದ್ದು ಕಂಡರೆ ಕೂಡಲೇ ಕೀಳಬೇಡಿ. ದುರಸ್ತಿಗೆ ಸಿದ್ಧರಾಗುವ ಮೊದಲು ಕಿತ್ತರೆ ನಿಧಾನವಾದ ಸೋರಿಕೆ ಒಮ್ಮೆಗೇ ಪಂಕ್ಚರ್ ಆಗುತ್ತದೆ. ಹಿಂದೆ ಎಂದಾದರೂ ಹೊರಗಿನಿಂದ ಪಂಕ್ಚರ್ ಹಾಕಿಸಿದ ಜಾಗವಿದ್ದರೆ ಅದರ ಮೇಲೂ ಸೋಪಿನ ನೀರು ಹಾಕಿ ನೋಡಿ.

ಇವೆರಡರಲ್ಲೂ ಏನೂ ಸಿಗದಿದ್ದರೆ, ಆರು ವರ್ಷದ ಅಲಾಯ್ ಚಕ್ರ ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನ ಹೆಚ್ಚಾಗಿ ಹೋಗುವುದು ಟೈರಿನ ಅಂಚು ರಿಮ್ಮಿಗೆ ಒತ್ತಿಕೊಂಡು ಕೂರುವ ಜಾಗದ ಕಡೆಗೆ. ಟ್ಯೂಬ್‌ಲೆಸ್ ಟೈರಿನಲ್ಲಿ ಅಂಚಿನಿಂದ ಗಾಳಿ ಹೋಗದಂತೆ ಹಿಡಿದಿಡುವುದು ಆ ಒತ್ತುವಿಕೆ ಮಾತ್ರ. ಅಲ್ಯೂಮಿನಿಯಂ ಮಿಶ್ರಲೋಹದ ಮೇಲಿನ ಬಣ್ಣದ ಪದರ ಟೈರ್ ಬಿಚ್ಚಿ ಹಾಕುವಾಗ ಗೀಚಿಹೋದರೆ ಅಥವಾ ಕಲ್ಲು ತಾಗಿ ಒಡೆದರೆ, ನೀರು, ಉಪ್ಪಿನಂಶ ಮತ್ತು ಬ್ರೇಕಿನ ಧೂಳು ಅಲ್ಲಿಗೆ ಇಳಿದು ಲೋಹವನ್ನು ತಿನ್ನತೊಡಗುತ್ತವೆ. ಹೀಗೆ ಹುಟ್ಟುವ ಬಿಳಿಯ ಪುಡಿ ಬಣ್ಣದ ಅಡಿಯಲ್ಲಿ ಹರಡುತ್ತಾ, ಬಣ್ಣವನ್ನು ಗುಳ್ಳೆಗಳಂತೆ ಎಬ್ಬಿಸಿ, ನಯವಾಗಿರಬೇಕಾದ ಮೇಲ್ಮೈಯನ್ನು ಒರಟು ಮಾಡುತ್ತದೆ. ಆ ಒರಟಿನ ಸಂದುಗಳಿಂದ ಗಾಳಿ ಜಿನುಗುತ್ತದೆ. ಕಬ್ಬಿಣದ ರಿಮ್ಮುಗಳಲ್ಲಿ ಇದೇ ಕೆಲಸವನ್ನು ತುಕ್ಕು ಮಾಡುತ್ತದೆ. ಚಳಿ ಹೆಚ್ಚಾದಾಗ ರಬ್ಬರ್ ಬಿಗಿಯಾಗಿ ರಿಮ್ಮಿನ ಒರಟಿಗೆ ಹೊಂದಿಕೊಳ್ಳಲಾರದೆ ಹೋಗುವುದರಿಂದ, ಈ ಬಗೆಯ ಸೋರಿಕೆ ಚಳಿಯ ರಾತ್ರಿಗಳಲ್ಲಿ ಜೋರಾಗಿ ಬಿಸಿಲಿನ ದಿನಗಳಲ್ಲಿ ಕಡಿಮೆಯಾಗುವುದುಂಟು. ನೀವು ಬರೆದಿಡುವ ಅಂಕೆಗಳಲ್ಲಿ ಆ ಏರಿಳಿತ ಕಂಡರೆ ಅದು ಬಲವಾದ ಸುಳಿವು.

ಇದನ್ನು ಪರೀಕ್ಷಿಸಲು ಚಕ್ರವನ್ನು ನೆಲದ ಮೇಲೆ ಅಡ್ಡಲಾಗಿ ಮಲಗಿಸಿ. ಪಾತ್ರೆ ತೊಳೆಯುವ ದ್ರವ ಸೋಪನ್ನು ಸ್ವಲ್ಪ ಗಟ್ಟಿಯಾಗಿಯೇ ನೀರಿನಲ್ಲಿ ಕಲಸಿ, ನೊರೆ ಏಳಿಸದೆ, ಟೈರ್ ಮತ್ತು ರಿಮ್ ಸೇರುವ ಸಂದಿನಲ್ಲಿ ಸುತ್ತಲೂ ನಿಲ್ಲುವಂತೆ ಸುರಿಯಿರಿ. ಹತ್ತು ಹದಿನೈದು ನಿಮಿಷ ಬಿಟ್ಟು ಬಂದು ನೋಡಿ. ದೊಡ್ಡ ಗುಳ್ಳೆಗಳನ್ನು ನಿರೀಕ್ಷಿಸಬೇಡಿ. ಸೋರುವ ಕಡೆ ಹಾಲಿನ ಕೆನೆಯಂಥ ನುಣ್ಣನೆಯ ಬಿಳಿ ನೊರೆ ತಾನಾಗಿ ಕೂಡಿಕೊಂಡಿರುತ್ತದೆ. ಅನಂತರ ಚಕ್ರವನ್ನು ಮಗುಚಿ ಇನ್ನೊಂದು ಪಕ್ಕವನ್ನೂ ಹೀಗೆಯೇ ನೋಡಬೇಕು. ಕಾರಿನ ಒಳಮುಖವಾಗಿರುವ ಆ ಪಕ್ಕ ಎಂದೂ ಕಣ್ಣಿಗೆ ಬೀಳುವುದಿಲ್ಲ, ಆದರೆ ಕೊಳೆ ಹೆಚ್ಚು ಕೂರುವುದು ಅಲ್ಲೇ. ನೊರೆ ಕಂಡ ಜಾಗದಲ್ಲಿ ಟೈರಿನ ಮೇಲೂ ರಿಮ್ಮಿನ ಮೇಲೂ ಎದುರುಬದುರಾಗಿ ಸೀಮೆಸುಣ್ಣದ ಗುರುತು ಹಾಕಿ. ಟೈರ್ ಕಳಚಿದ ಮೇಲೆ ಯಾವ ಗುರುತಿನ ಬಳಿ ದೋಷವಿದೆ ಎಂಬುದರಿಂದ ತಪ್ಪು ಟೈರಿನದೋ ರಿಮ್ಮಿನದೋ ಎಂಬುದು ನಿರ್ಧಾರವಾಗುತ್ತದೆ.

ರಿಮ್ಮಿನ ಅಂಚೇ ಕಾರಣವಾದರೆ ಟೈರ್ ಕಳಚಿ, ಆ ಬಿಳಿ ಪುಡಿಯನ್ನು ಲೋಹದ ಬ್ರಷ್‌ನಿಂದ ಪೂರ್ತಿಯಾಗಿ ಉಜ್ಜಿ ತೆಗೆದು, ನಯಗೊಳಿಸಿ, ಆ ಜಾಗಕ್ಕೆಂದೇ ಸಿಗುವ, ಸಂದು ಮುಚ್ಚುವ ಲೇಪವನ್ನು ಹಚ್ಚಿ ಮತ್ತೆ ಕೂರಿಸಬೇಕು. ಉಜ್ಜದೆ ಬರಿಯ ಲೇಪ ಹಚ್ಚಿದರೆ ಪುಡಿ ಅದರಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಎದುರಿಗೆ ನಿಂತು ನೋಡಿಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ಟೈರ್ ಕಳಚಿದಾಗಲೇ ವಾಲ್ವನ್ನೂ ಹೊಸದು ಹಾಕಿಸಿಬಿಡಿ.

ಇನ್ನೊಂದು ಸಾಧ್ಯತೆ ಅಪರೂಪ, ಆದರೆ ಅಪಾಯದ್ದು. ಗುಂಡಿಗೆ ಬಲವಾಗಿ ಬಿದ್ದ ಅಲಾಯ್ ಚಕ್ರದ ಒಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಅಲ್ಲಿಂದ ಗಾಳಿ ಸೋರಬಹುದು. ಸೋಪಿನ ನೀರು ಲೋಹದ ಮೇಲೆಯೇ ಗೆರೆಯಾಗಿ ನೊರೆಗಟ್ಟಿದರೆ ಆ ಚಕ್ರವನ್ನು ಬಳಸದೆ ಪಕ್ಕಕ್ಕಿಡಿ. ಬಿರುಕು ಬೆಳೆಯುವುದು ಯಾವಾಗ ಎಂದು ಯಾರೂ ಹೇಳಲಾರರು.

ಪ್ರಶ್ನೆ: ನನ್ನ ಕಾರಿನಲ್ಲಿ ನಾಲ್ಕೂ ಟೈರ್‌ಗಳ ಗಾಳಿ ಒಟ್ಟಿಗೇ ಇಳಿಯುತ್ತದೆ. ಮೂರು ತಿಂಗಳು ನೋಡದೆ ಬಿಟ್ಟಿದ್ದೆ. 32 ಇದ್ದದ್ದು ಎಲ್ಲದರಲ್ಲೂ 27 ಆಗಿತ್ತು. ಟೈರ್ ಒತ್ತಡದ ಎಚ್ಚರಿಕೆಯ ದೀಪ ಇದ್ದರೂ ಅದು ಹೊತ್ತಿಕೊಳ್ಳಲಿಲ್ಲ. ದೀಪ ಕೆಟ್ಟಿದೆಯೇ?

ಉತ್ತರ: ನಿಮ್ಮ ಟೈರ್‌ಗಳು ಸರಿಯಾಗಿವೆ. ದೀಪವೂ ಕೆಟ್ಟಿರಲಾರದು. ರಬ್ಬರ್ ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಗಾಳಿಯ ಅಣುಗಳು ಅದರ ಮೂಲಕ ನಿಧಾನವಾಗಿ ಹಾದುಹೋಗುತ್ತವೆ. ಇದನ್ನು ತಡೆಯಲೆಂದೇ ಟ್ಯೂಬ್‌ಲೆಸ್ ಟೈರಿನ ಒಳಗೋಡೆಗೆ ಬ್ಯೂಟೈಲ್ ಜಾತಿಯ ರಬ್ಬರಿನ ತೆಳುವಾದ ಪದರವಿರುತ್ತದೆ. ಸಹಜ ರಬ್ಬರಿಗಿಂತ ಅದು ಗಾಳಿಯನ್ನು ಬಹಳ ಚೆನ್ನಾಗಿ ತಡೆದರೂ ಪೂರ್ತಿಯಾಗಿ ತಡೆಯಲಾರದು. ಆದ್ದರಿಂದ ಯಾವ ದೋಷವೂ ಇಲ್ಲದ ಟೈರ್ ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ನಿಮ್ಮ ಅಂಕೆಗಳು ಇದಕ್ಕೆ ಸರಿಹೊಂದುತ್ತವೆ.

ದೀಪದ ವಿಷಯದಲ್ಲಿ ಎರಡು ಬಗೆಗಳಿವೆ. ಕೆಲವು ಕಾರುಗಳಲ್ಲಿ ಪ್ರತಿ ಚಕ್ರದೊಳಗೂ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಹಲವು ಕಾರುಗಳಲ್ಲಿ ಅದು ಎಚ್ಚರಿಸುವುದು ಒತ್ತಡ ಸುಮಾರು ಕಾಲು ಭಾಗ ಇಳಿದ ಮೇಲೆ. 32ಕ್ಕೆ ಅದು 24 ಆಗುತ್ತದೆ. 27 ಅದಕ್ಕೆ ಸಾಲದು. ಇನ್ನು ಕೆಲವು ಕಾರುಗಳು ಒತ್ತಡವನ್ನು ಅಳೆಯುವುದೇ ಇಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ) ವ್ಯವಸ್ಥೆಯ ನೆರವಿನಿಂದ ಚಕ್ರಗಳು ತಿರುಗುವ ವೇಗವನ್ನು ಹೋಲಿಸುತ್ತವೆ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕಡಿಮೆಯಾಗಿ ಅದು ಉಳಿದವುಗಳಿಗಿಂತ ಬೇಗ ತಿರುಗುತ್ತದೆ ಎಂಬುದು ಅವುಗಳ ಆಧಾರ. ನಾಲ್ಕೂ ಸಮನಾಗಿ ಇಳಿದರೆ ಹೋಲಿಸಲು ವ್ಯತ್ಯಾಸವೇ ಉಳಿಯುವುದಿಲ್ಲ. ಸಹಜವಾಗಿ ಇಳಿಯುವ ಗಾಳಿಯನ್ನು ಕಂಡುಹಿಡಿಯುವುದು ದೀಪಕ್ಕಲ್ಲ, ತಿಂಗಳಿಗೊಮ್ಮೆ ಮಾಪಕ ಹಿಡಿಯುವ ಕೈಗೇ ಸಾಧ್ಯ. ತುಂಬಿಸಬೇಕಾದ ಒತ್ತಡ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವುದು ಟೈರ್ ತಾಳಬಲ್ಲ ಗರಿಷ್ಠ ಒತ್ತಡ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಗಾಳಿ ಇಳಿಯುವುದೇ ಇಲ್ಲವೆಂಬ ಮಾತು ನಿಜವೇ?

ಉತ್ತರ: ಇಳಿಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಾವು ತುಂಬಿಸುವ ಮಾಮೂಲಿ ಗಾಳಿಯಲ್ಲಿಯೇ 78 ಪ್ರತಿಶತ ನೈಟ್ರೋಜನ್ ಇದೆ. ಉಳಿದುದರಲ್ಲಿ ಬಹುಪಾಲು ಆಕ್ಸಿಜನ್. ಅದು ರಬ್ಬರಿನ ಮೂಲಕ ನೈಟ್ರೋಜನ್‌ಗಿಂತ ಬೇಗ ಹಾದುಹೋಗುವುದರಿಂದ ಸ್ವಲ್ಪ ಲಾಭವಿದೆ. ಆದರೆ ಮೊಳೆಯ ತೂತು, ಸವೆದ ವಾಲ್ವ್, ಒರಟಾದ ರಿಮ್ ಇವುಗಳ ಮುಂದೆ ಎರಡು ಅನಿಲಗಳೂ ಒಂದೇ. ಒಂದು ಟೈರ್ ಮಾತ್ರ ಇಳಿಯುತ್ತಿರುವವರು ನೈಟ್ರೋಜನ್ ತುಂಬಿಸಿ ಪರಿಹಾರ ಕಾಣಲಾರರು.

ಪ್ರಶ್ನೆ: ಒಂದು ಟೈರಿಗೆ ಪ್ರತಿ ವಾರ ಗಾಳಿ ತುಂಬಿಸಿಕೊಂಡು ಆರು ತಿಂಗಳಿಂದ ಓಡಿಸುತ್ತಿದ್ದೇನೆ. ತೂತು ಮುಚ್ಚುವ ದ್ರವವನ್ನು ಒಳಗೆ ಹಾಕಿಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಹೀಗೆಯೇ ಮುಂದುವರಿಸಬಹುದೇ?

ಉತ್ತರ: ಬೇಡ. ಆ ದ್ರವ ಇರುವುದು ದಾರಿಯಲ್ಲಿ ಸಿಕ್ಕಿಬಿದ್ದಾಗ ದುರಸ್ತಿಯ ಜಾಗ ತಲುಪುವುದಕ್ಕೆ. ಅದು ಟ್ರೆಡ್‌ನ ಸಣ್ಣ ತೂತನ್ನು ಮುಚ್ಚಬಲ್ಲದು. ರಿಮ್ಮಿನ ಅಂಚಿನ ಸೋರಿಕೆಗೆ ಅದನ್ನು ನಂಬುವಂತಿಲ್ಲ. ಒಳಗೆ ಸೆನ್ಸರ್ ಇದ್ದರೆ ಅದಕ್ಕೆ ಅಂಟಿಕೊಂಡು ಕೆಡಿಸಬಹುದು, ಮುಂದೆ ಒಳಗಿನಿಂದ ಪ್ಯಾಚ್ ಹಾಕುವವರಿಗೆ ಮೊದಲು ಅದನ್ನೆಲ್ಲ ತೊಳೆದು ತೆಗೆಯುವ ಕೆಲಸವೂ ಸೇರುತ್ತದೆ.

ಪ್ರತಿ ವಾರ ತುಂಬಿಸುವುದರಲ್ಲಿ ಇನ್ನೂ ದೊಡ್ಡ ತೊಂದರೆಯಿದೆ. ಒಂದು ವಾರ ಮರೆತರೂ ಟೈರ್ ಕಡಿಮೆ ಗಾಳಿಯಲ್ಲಿ ಓಡುತ್ತದೆ. ಆಗ ಅದರ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಅಗತ್ಯಕ್ಕಿಂತ ಹೆಚ್ಚು ಬಾಗಿ ನೆಟ್ಟಗಾಗುತ್ತಾ ಒಳಗೊಳಗೇ ಬಿಸಿಯಾಗುತ್ತದೆ, ಎಳೆಗಳ ಪದರಗಳು ಒಂದನ್ನೊಂದು ಬಿಡತೊಡಗುತ್ತವೆ. ಹೆದ್ದಾರಿಯ ವೇಗದಲ್ಲಿ ಟೈರ್ ಒಡೆಯುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ನೀವು ಆರು ತಿಂಗಳು ಹೀಗೆ ಓಡಿಸಿರುವುದರಿಂದ ಸೋರಿಕೆಯನ್ನು ಹುಡುಕಿಸುವುದಷ್ಟೇ ಸಾಲದು. ಟೈರನ್ನು ಕಳಚಿಸಿ ಒಳಗೆ ಕೈಯಾಡಿಸಿ ನೋಡಿ. ಒಳಗೆ ಕಪ್ಪು ರಬ್ಬರಿನ ಪುಡಿ ಉದುರಿದ್ದರೆ, ಅಥವಾ ಪಕ್ಕದ ಗೋಡೆಯ ಒಳಮೈಯಲ್ಲಿ ಸುತ್ತಲೂ ಸುಕ್ಕುಗಟ್ಟಿದ ಪಟ್ಟಿಯೊಂದು ಕಂಡರೆ, ಸೋರಿಕೆ ಮೊದಲು ಹುಟ್ಟಿದ್ದು ವಾಲ್ವಿನಲ್ಲೇ ಆಗಿದ್ದರೂ ಆ ಟೈರನ್ನು ಮತ್ತೆ ಚಕ್ರಕ್ಕೆ ಏರಿಸಬಾರದು.