ಪದಬಂಧದ ಆ್ಯಪ್‌ನಲ್ಲಿ ಕನ್ನಡದ ಅಕ್ಷರಗಳ ಎಣಿಕೆ ಏಕೆ ತಪ್ಪುತ್ತದೆ?

ನಾವು ಅಕ್ಷರವೆಂದು ಓದುವುದೂ ಯುನಿಕೋಡ್ (ಕಂಪ್ಯೂಟರಿನಲ್ಲಿ ಲಿಪಿಚಿಹ್ನೆಗಳಿಗೆ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ) ಸಂಕೇತವೂ ಒಂದೇ ಅಲ್ಲದಿರುವುದೇ ಇದಕ್ಕೆ ಕಾರಣ. ‘ಸ್ತ್ರೀ’ ಎಂಬುದು ಓದುಗರಿಗೆ ಒಂದೇ ಅಕ್ಷರವಾದರೂ ಯಂತ್ರದೊಳಗೆ ಅದು ಸ, ವಿರಾಮ (ವ್ಯಂಜನದ ಸ್ವರವನ್ನು ತೆಗೆಯುವ ‘್’ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ ಎಂಬ 6 ಸಂಕೇತಗಳ ಸಾಲಾಗಿರುತ್ತದೆ. ಆ್ಯಪ್ ಬರೆಯಲು ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ಕೂಡ ಅದರ ಉದ್ದ 6 ಎಂದೇ ಹೇಳುವುದರಿಂದ, ಪದಬಂಧದ ಒಂದು ಮನೆಯಲ್ಲಿ ಕೂರಬೇಕಾದದ್ದು ಆರು ಮನೆಗಳಿಗೆ ಚೆಲ್ಲಿಹೋಗುತ್ತದೆ. ಒಬ್ಬನೇ ಕುಳಿತು ಇಂಥದೊಂದು ಆ್ಯಪ್ ಬರೆಯುವಾಗ ನಾನು ಎಡವಿದ್ದೂ ಇಲ್ಲಿಯೇ. ವ್ಯಂಜನದ ನಂತರ ವಿರಾಮ, ಅದರ ಬೆನ್ನಿಗೇ ಇನ್ನೊಂದು ವ್ಯಂಜನ ಬಂದರೆ ಕತ್ತರಿಸದೆ, ಕೊನೆಯ ಸ್ವರಚಿಹ್ನೆ, ಅನುಸ್ವಾರ, ವಿಸರ್ಗಗಳವರೆಗೂ ಒಂದೇ ಘಟಕವೆಂದು ಹಿಡಿಯುವ ನಿಯಮವನ್ನು ನಾವೇ ಬರೆದುಕೊಳ್ಳಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಮಾತ್ರ ಒತ್ತಕ್ಷರವನ್ನು ತಡೆಯಲೆಂದು ಕಣ್ಣಿಗೆ ಕಾಣದ, ಶೂನ್ಯ ಅಗಲದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಅಲ್ಲಿ ‘ಜ್’ ಮತ್ತು ‘ಕು’ ಬೇರೆ ಬೇರೆ ಮನೆಗಳಿಗೆ ಹೋಗಬೇಕು.