ನಿಮ್ಮ ಕಥೆ ವಾಪಸ್ ಕಳಿಸ್ತಿದೀನಿ, ಆದ್ರೆ ಪೂರ್ತಿ ಓದಿ

ಕಥೆ ಓದ್ದೆ. ಈಗಿರೋ ಹಾಗೆ ತಗೊಳಕ್ಕಾಗಲ್ಲ, ಹಾಗಂತ ಕೈಬಿಡಿ ಅಂತಾನೂ ಹೇಳಲ್ಲ. ಅಮ್ಮ ಇಲ್ಲದ 12 ವರ್ಷದ ಹುಡುಗಿ, ಮನೇಲಿ ಅಪ್ಪ ಅಣ್ಣ ಅಷ್ಟೇ, ಒಂದಿನ ಕ್ಲಾಸಲ್ಲೇ ಮುಟ್ಟಾಗಿ ಬೆಂಚೆಲ್ಲಾ ರಕ್ತ, ತಲೆ ತಿರುಗಿ ಬೀಳ್ತಾಳೆ, ಟೀಚರ್ ಬಂದು ಒಂದೂವರೆ ಪುಟ ಎಲ್ಲಾ ವಿವರಿಸ್ತಾರೆ, ಹುಡುಗಿ ನಗ್ತಾಳೆ, ಮುಗೀತು. ಇದ್ರಲ್ಲಿ ಪಾಠ ಇದೆ, ಹುಡುಗಿ ಕಾಣ್ಲಿಲ್ಲ.

ಮುಟ್ಟು ಮೊದಲನೇ ಬದಲಾವಣೆ ಅಲ್ಲ ಕಣ್ರೀ, ಹೆಚ್ಚುಕಮ್ಮಿ ಕೊನೇದು. ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಎದೆ ಬೆಳೆಯೋಕೆ ಶುರುವಾಗತ್ತೆ, ಅದಾಗಿ ಎರಡು ಎರಡೂವರೆ ವರ್ಷಕ್ಕೆ ಮುಟ್ಟು. ಅಂದ್ರೆ ನಿಮ್ಮ ಹುಡುಗಿ ಹತ್ತನೇ ವಯಸ್ಸಿಂದಾನೇ ಒಬ್ಬಳೇ ಒದ್ದಾಡ್ತಿರಬೇಕು, ಕಥೇಲಿ ಅದ್ರ ಸುಳಿವೇ ಇಲ್ಲ. ಎಷ್ಟೋ ಮಕ್ಕಳಿಗೆ ಮೊದಲು ಒಂದೇ ಕಡೆ ಸಣ್ಣ ಗಂಟಿನ ಥರ ಬರತ್ತೆ, ಒತ್ತಿದ್ರೆ ನೋವು, ಇನ್ನೊಂದು ಕಡೆ ಏನೂ ಇರಲ್ಲ. ಹೇಳೋರಿಲ್ಲದವಳು ಅದನ್ನ ಏನಂದ್ಕೋತಾಳೆ? ಅಮ್ಮ ಹೇಗೆ ಸತ್ತಳು ಅಂತ ಯಾರೂ ಅವಳಿಗೆ ಬಿಡಿಸಿ ಹೇಳಿಲ್ಲ ಅಂತ ನೀವೇ ಎರಡನೇ ಪುಟದಲ್ಲಿ ಬರೆದು ಅಲ್ಲೇ ಮರೆತುಬಿಟ್ಟಿದೀರ, ಅಯ್ಯೋ, ಕಥೆ ಇರೋದೇ ಅಲ್ಲಿ!

ಗೊತ್ತಿಲ್ಲ ಅಂದ್ರೆ ತಲೆ ಖಾಲಿ ಅಂತ ಅಲ್ಲ. ಅರ್ಧಂಬರ್ಧ ಕೇಳಿಸಿಕೊಂಡಿದ್ದು, ಟೀವಿ ಆ್ಯಡಲ್ಲಿ ನೋಡಿದ್ದು, ಫ್ರೆಂಡ್ಸ್ ಕಿಸಿಕಿಸಿ ನಕ್ಕಿದ್ದು ಎಲ್ಲಾ ಸೇರಿಸಿ ತಾನೇ ಒಂದು ವಿವರಣೆ ಕಟ್ಕೊಂಡಿರ್ತಾಳೆ. ಮುಟ್ಟಿಗೆ ಎಷ್ಟೋ ತಿಂಗಳು ಮೊದಲೇ ಬಿಳಿ ಹೋಗೋಕೆ ಶುರುವಾಗತ್ತೆ, ಅದನ್ನ ಕಾಯಿಲೆ ಅಂದ್ಕೊಂಡು ಬಟ್ಟೆ ಕದ್ದು ತೊಳೀತಾಳೆ. ಆ ತಪ್ಪು ವಿವರಣೇನ ಪೂರ್ತಿ ಗಂಭೀರವಾಗಿ ತಗೊಂಡು ಬರೀರಿ, ಓದೋನಿಗೆ ಸತ್ಯ ಗೊತ್ತಿರತ್ತಲ್ಲ, ಅಷ್ಟು ಸಾಕು. ಅವಳ ಕಣ್ಣಿಂದ ಹೇಳೋ ಕಥೇಲಿ ‘ಹಾರ್ಮೋನು’ ಅನ್ನೋ ಮಾತು ಎಲ್ಲಿಂದ ಬಂತು?

ಇನ್ನು ಆ ರಕ್ತದ ಬೆಂಚು. ಮೊದಲ ಸಲ ಸಾಮಾನ್ಯವಾಗಿ ಸ್ವಲ್ಪಾನೇ, ಎಷ್ಟೋ ಸಲ ಕಂದು ಕಲೆ ಅಷ್ಟೇ, ರಕ್ತ ಅಂತಾನೂ ಗೊತ್ತಾಗಲ್ಲ. ಮೊದಲ ಒಂದೆರಡು ವರ್ಷ ತಿಂಗಳು ತಿಂಗಳು ಸರಿಯಾಗಿ ಬರಬೇಕು ಅಂತಾನೂ ಇಲ್ಲ. ಮುಂದಿನ ತಿಂಗಳು ಬರ್ಲಿಲ್ಲ ಅಂದ್ರೆ ಅವಳು ವಾಸಿಯಾಯ್ತು ಅಂದ್ಕೋತಾಳೆ, ಖುಷಿಯಾಗಿರ್ತಾಳೆ, ಆಮೇಲೆ ಒಂದಿನ ಮತ್ತೆ. ಮೂರ್ಛೆ ಹೋಗೋ ಸೀನಿಗಿಂತ ಇದು ಎಷ್ಟೋ ಪಾಲು ಭಯಾನಕ ಅಲ್ವಾ?

ಕನ್ನಡಿ ಮುಂದಿನ ಪ್ಯಾರಾ, ‘ಮೊಗ್ಗು ಅರಳಿತು’ ಅಂತೆಲ್ಲಾ ಇರೋದು, ದಯವಿಟ್ಟು ತೆಗೀರಿ. ಅದು ಅವಳು ನೋಡೋ ನೋಟ ಅಲ್ಲ, ದೊಡ್ಡೋರು ಯಾರೋ ಅವಳನ್ನ ನೋಡ್ತಿರೋದು, ನಂಗೆ ಕಿರಿಕಿರಿ ಆಯ್ತು.

ಅಣ್ಣ ಇದ್ದಕ್ಕಿದ್ದಂಗೆ ಅವಳ ಜೊತೆ ಕುಸ್ತಿ ಆಡೋದು ನಿಲ್ಲಿಸ್ತಾನಲ್ಲ, ಯಾಕೆ ಅಂತ ಅವಳಿಗೂ ಗೊತ್ತಾಗಲ್ಲ, ಅವನಿಗೂ ಹೇಳಕ್ಕೆ ಬರಲ್ಲ, ಆ ನಾಲ್ಕು ಸಾಲು ಇಡೀ ಕಥೇಲಿ ಬೆಸ್ಟ್, ನಿಮಗೆ ಬರೆಯೋಕೆ ಬರತ್ತೆ ಅಂತ ಗೊತ್ತಾಗಿದ್ದೇ ಅಲ್ಲಿ. ಹತ್ತನೇ ವಯಸ್ಸಿಂದ ಶುರು ಮಾಡಿ, ಅಪ್ಪನ್ನ ವಿಲನ್ ಮಾಡ್ಬೇಡಿ, ಟೀಚರ್‌ನ ಪೂರ್ತಿ ತೆಗೆದು ಮತ್ತೆ ಕಳಿಸಿ.